ರೌಡಿ ಕೋಳಿಯ ಮೂರು ಮೊಟ್ಟೆ

“ಬಿಗಿಯಾಗಿ ಹಿಡ್ಕೊಳೇ ಮಗ! ರೆಕ್ಕೆ ಹಿಡ್ಕೊ, ರೆಕ್ಕೆ!”

“ಹಿಡ್ಕೊಂಡಿದೀನಿ ಅಜ್ಜಿ! ನೀನ್ ಬೇಗ ಮುಳುಗ್ಸು!”

ಹನುಮಮ್ಮಜ್ಜಿ ಕೆಂಪು ಕೋಳಿಯ ಹೊಟ್ಟೆಯನ್ನು ಬಕೆಟ್ಟಿನ ತಣ್ಣೀರಿಗೆ ಅದ್ದಿದಳು. ಅದ್ದಿದ್ದೇ ತಡ, ಕೋಳಿ ರೆಕ್ಕೆ ಬಡಿದ ರಭಸಕ್ಕೆ ಅರ್ಧ ನೀರು ಅಜ್ಜಿಯ ಸೀರೆಗೆ, ಇನ್ನರ್ಧ ಸ್ವರ್ಣಲತಾಳ ಫ್ರಾಕಿಗೆ. ಇಬ್ಬರೂ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕೋಳಿ ಸ್ವರ್ಣಳ ಹೆಬ್ಬೆರಳನ್ನು ಕುಕ್ಕಿ, ಬಿಡಿಸಿಕೊಂಡು, ಹಿತ್ತಿಲ ಮೂಲೆಗೆ ಓಡಿ, ಕಾಲು ಮಡಚಿ ಕೂತೇ ಬಿಟ್ಟಿತು.

“ಅಯ್ಯಯ್ಯೋ, ರಕ್ತ ಬಂತು!” ಸ್ವರ್ಣ ಬೆರಳನ್ನು ಬಾಯಿಗಿಟ್ಟುಕೊಂಡಳು. “ದರಿದ್ರದ ರೌಡಿ!”

“ಬೈಬೇಡ ಬುಡು. ಅದ್ಕೆ ಕಾವು ಬಂದೈತೆ,” ಎಂದು ಅಜ್ಜಿ ಸೆರಗು ಹಿಂಡಿಕೊಂಡಳು.

ಕಾವು ಬಂದಿದೆ ಎಂದರೆ, ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸಿ, ಇನ್ನು ಮರಿ ಮಾಡಿಯೇ ಏಳುವುದು ಎಂದು ಹಟ ಹಿಡಿದಿದೆ ಎಂದರ್ಥ. ಮೇವಿನ ಮೇಲೆ ಆಸೆಯಿಲ್ಲ, ನೀರಿನ ಮೇಲೆ ಆಸೆಯಿಲ್ಲ, ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿರುವುದೊಂದೇ ಕೆಲಸ. ಸರಿ, ಕೂತುಕೊಳ್ಳಲಿ. ಆದರೆ ಈ ಮಹಾರಾಯಿತಿ ಕೂತದ್ದು ಏನರ ಮೇಲೆ ಅಂತೀರಿ? ಸ್ವರ್ಣಳ ತಂಗಿ ಚೈತನ್ಯಳ ರಬ್ಬರ್ ಚೆಂಡಿನ ಮೇಲೆ! ಐದು ವರ್ಷದ ಚೈತುಗೆ ಒಂಬತ್ತು ದಿನದಿಂದ ಆಟವೇ ಇರಲಿಲ್ಲ.

“ಅಕ್ಕಾ, ಚೆಂಡಿಂದ ಏನ್ ಮರಿ ಬರುತ್ತೆ?” ಚೈತು ಬಾಗಿಲ ಹಿಂದೆ ನಿಂತು ಕೇಳಿದಳು.

“ಫುಟ್‌ಬಾಲ್ ಬರುತ್ತೆ. ಹೋಗೇ ಒಳಗೆ!”

ಅವರ ಮನೆ ಇದ್ದದ್ದು ಕುಣಿಗಲ್ಲಿನಲ್ಲಿ, ಕೆರೆ ಏರಿಯ ಕಡೆಗೆ ಹೋಗುವ ಬೀದಿಯಲ್ಲಿ. ಹಿತ್ತಿಲಲ್ಲಿ ಒಂದು ಸೀಬೆಮರ, ಒಂದು ಬಟ್ಟೆ ಒಗೆಯುವ ಕಲ್ಲು, ಒಂದು ಸೌದೆ ಮನೆ. ಆರು ಹೇಂಟೆ, ಒಂದು ಹುಂಜ. ಆ ಆರರಲ್ಲಿ ಕೆಂಪಿಯದೇ ದರ್ಬಾರು. ಕಾಳು ಎರಚಿದರೆ ಮೊದಲು ಕೆಂಪಿ ತಿನ್ನಬೇಕು. ಮಿಕ್ಕವು ಆಮೇಲೆ. ಯಾರಾದರೂ ಮಧ್ಯೆ ಮೂತಿ ಹಾಕಿದರೆ ತಲೆಯ ಮೇಲಿನ ಪುಕ್ಕ ಕಿತ್ತು ಕೈಗೆ ಕೊಡುತ್ತಿತ್ತು. ಪಾಪ, ಕಪ್ಪು ಕೋಳಿಗೆ ನೆತ್ತಿಯಲ್ಲಿ ಒಂದು ಪುಕ್ಕವೂ ಉಳಿದಿರಲಿಲ್ಲ. ಹುಂಜ ಕೂಡ ಕೆಂಪಿ ಬಂದರೆ ಏನೋ ಕೆಲಸ ನೆನಪಾದವನ ಹಾಗೆ ಆ ಕಡೆ ಹೋಗುತ್ತಿತ್ತು. ಅದಕ್ಕೇ ಸ್ವರ್ಣ ಅದಕ್ಕೆ ರೌಡಿ ಎಂದು ಹೆಸರಿಟ್ಟಿದ್ದಳು. ಸ್ವರ್ಣಳ ಎರಡೂ ಮೊಣಕಾಲಿನ ಕೆಳಗೆ ರೌಡಿಯ ಕೊಕ್ಕಿನ ಗುರುತುಗಳಿದ್ದವು. ಅವಳಿಗೆ ಆ ಕೋಳಿಯನ್ನು ಕಂಡರೆ ಆಗುತ್ತಲೇ ಇರಲಿಲ್ಲ.

ಹಾಗಾದರೆ ರೌಡಿಗೆ ನಾಲ್ಕು ಮೊಟ್ಟೆ ಕೊಟ್ಟು ಕೂರಿಸಬಾರದಿತ್ತೇ? ಕೂರಿಸಿದ್ದರು. ಹೋದ ದೀಪಾವಳಿಯಲ್ಲಿ ಎಂಟು ಮೊಟ್ಟೆ ಕೊಟ್ಟಿದ್ದರು. ಹತ್ತಿರ ಯಾರು ಸುಳಿದರೂ ಎದ್ದು ಜಗಳಕ್ಕೆ ಹೋಗಿ, ಎದ್ದಾಗಲೊಂದು ಕೂತಾಗಲೊಂದು ತುಳಿದು ಒಡೆದು ಹಾಕಿತ್ತು. ಒಂದು ಮರಿಯೂ ಆಗಲಿಲ್ಲ. ಅದರ ಕೈಗೆ ಇನ್ನು ಮೊಟ್ಟೆ ಕೊಡುವುದಿಲ್ಲ ಎಂದು ಅಜ್ಜಿ ಅವತ್ತೇ ತೀರ್ಮಾನ ಮಾಡಿದ್ದಳು.

ಈ ಸಲ ಮೊಟ್ಟೆ ಸಿಕ್ಕಿದ್ದು ಚುಕ್ಕಿಗೆ. ಚುಕ್ಕಿ ಎಂದರೆ ಸ್ವರ್ಣಳ ಮುದ್ದಿನ ಕೋಳಿ. ಮೈಮೇಲೆಲ್ಲ ಬಿಳಿ ಚುಕ್ಕೆ, ಎತ್ತಿಕೊಂಡರೆ ಸುಮ್ಮನಿರುತ್ತಿತ್ತು. ಅಜ್ಜಿ ಬುಟ್ಟಿಗೆ ಮರಳು ಹಾಕಿ, ಮೇಲೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಒಂದು ಕಬ್ಬಿಣದ ಮೊಳೆ ಸಿಕ್ಕಿಸಿ, ಹನ್ನೊಂದು ಮೊಟ್ಟೆ ಜೋಡಿಸಿದ್ದಳು.

“ನನ್ ಕಣ್ಣು ಮಂಜು ಕಣವ್ವ. ನೀನು ಒಂದೊಂದಕ್ಕೂ ಇದ್ದಿಲಲ್ಲಿ ಸುತ್ತ ಗೆರೆ ಎಳ್ದುಬುಡು. ಚುಕ್ಕಿ ಮೇಯಕ್ಕೆ ಎದ್ದಾಗ ಬೇರೆ ಕೋಳಿ ಬಂದು ಅಲ್ಲೇ ಮೊಟ್ಟೆ ಇಟ್ಟುಬುಡ್ತವೆ. ಗೆರೆ ಇಲ್ದೇ ಇರೋದನ್ನ ದಿನಾ ತೆಗೆದು ಹಾಕು. ಇದು ನಿಂದೇ ಡ್ಯೂಟಿ,” ಎಂದಿದ್ದಳು ಅಜ್ಜಿ.

ಐದನೇ ಕ್ಲಾಸು ಮುಗಿಸಿದ ಹುಡುಗಿ ಕೈ ಮಸಿ ಮಾಡಿಕೊಳ್ಳುವುದುಂಟೇ? ಸ್ವರ್ಣಳ ಹತ್ತಿರ ಹನ್ನೆರಡು ಬಣ್ಣದ ಹೊಸ ಸ್ಕೆಚ್ ಪೆನ್ನುಗಳಿದ್ದವು. ಹಸಿರು ಪೆನ್ನು ತೆಗೆದು ಒಂದರಿಂದ ಹನ್ನೊಂದರವರೆಗೆ ದುಂಡಗೆ ನಂಬರು ಬರೆದಳು. ನೋಡಲು ಬಹಳ ಚೆನ್ನಾಗಿತ್ತು.

ಬೇಸಿಗೆಯ ಝಳ ಜೋರಾಗಿದ್ದರಿಂದ ನಾಲ್ಕನೇ ದಿನ ಅಜ್ಜಿ ಮೊಟ್ಟೆಗಳ ಮೇಲೆ ನೀರು ಚಿಮುಕಿಸಿದಳು. ಮೇಲೆ ಚುಕ್ಕಿ ಕೂತು ಮೈ ಉಜ್ಜಿತು. ನಂಬರುಗಳೆಲ್ಲ ಮಾಯ! ಮಾರನೇ ದಿನ ಸ್ವರ್ಣ ಎಣಿಸಿದರೆ ಹನ್ನೆರಡು ಮೊಟ್ಟೆ. ಅದರ ಮಾರನೇ ದಿನ ಹದಿಮೂರು. ಮತ್ತೊಂದು ದಿನಕ್ಕೆ ಹದಿನಾಲ್ಕು. ಯಾವುದು ಹಳೆಯದು, ಯಾವುದು ಹೊಸದು? ಎಲ್ಲವೂ ಒಂದೇ ಥರ ಇದ್ದವು. ಹೇಳಿದರೆ ಅಜ್ಜಿ ಬೈಯುತ್ತಾಳೆ, ಅಮ್ಮ ಸ್ಕೆಚ್ ಪೆನ್ನು ಕಿತ್ತುಕೊಳ್ಳುತ್ತಾಳೆ. ಸ್ವರ್ಣ ಬಾಯಿ ಮುಚ್ಚಿಕೊಂಡಳು.

ಆಮೇಲೆ ಅಜ್ಜಿ ಚುಕ್ಕಿ ಎದ್ದಾಗಲೆಲ್ಲ ಬುಟ್ಟಿಗೆ ಮೊರ ಮುಚ್ಚತೊಡಗಿದಳು. ಮೊಟ್ಟೆ ಹದಿನಾಲ್ಕಕ್ಕೇ ನಿಂತವು. ಸ್ವರ್ಣ ಆ ವಿಷಯವನ್ನು ಮರೆತಂತೆ ಇದ್ದಳು.

ಇತ್ತ ರೌಡಿಯ ಕಾವು ಬಿಡಿಸಲು ಅಜ್ಜಿ ಮಾಡದ ಉಪಾಯವಿಲ್ಲ. ದಿನಕ್ಕೆ ಮೂರು ಸಲ ತಣ್ಣೀರು. ಕಾಲಿಗೆ ಬಟ್ಟೆ ಕಟ್ಟಿ ಸೀಬೆಮರಕ್ಕೆ ಬಿಗಿದದ್ದಾಯಿತು. ಹಳೇ ಕಾಲದವರು ಮಾಡುತ್ತಿದ್ದಂತೆ ಮೂಗಿನ ತೂತಿಗೆ ಒಂದು ಪುಕ್ಕ ಸಿಕ್ಕಿಸಿದ್ದೂ ಆಯಿತು. ಮೂಗು ಕಡಿಯುತ್ತಿದ್ದರೆ ಕೂರುವುದು ಮರೆಯುತ್ತದಂತೆ. ರೌಡಿ ಏನನ್ನೂ ಮರೆಯಲಿಲ್ಲ. ಕಟ್ಟು ಬಿಚ್ಚಿದರೆ ಸಾಕು, ಸೀದಾ ಚುಕ್ಕಿಯ ಬುಟ್ಟಿಗೆ ನುಗ್ಗಿ, ಚುಕ್ಕಿಯನ್ನು ಕುಕ್ಕಿ ಕುಕ್ಕಿ ಎಬ್ಬಿಸಲು ನೋಡುತ್ತಿತ್ತು. ಚುಕ್ಕಿಯ ಜುಟ್ಟಿನ ಮೇಲೆ ರಕ್ತ ಕಂಡು ಸ್ವರ್ಣ ಪೊರಕೆ ಹಿಡಿದು ಅಟ್ಟಾಡಿಸಿದ್ದಳು.

ಬುಧವಾರ ಸಂಜೆ ಬೀದಿಯ ಕೊನೆಯ ಎಸ್‌ಟಿಡಿ ಬೂತಿಗೆ ಗುಬ್ಬಿಯಿಂದ ಫೋನು ಬಂತು. ಅಮ್ಮನ ತಮ್ಮ, ಅಂಜನಮೂರ್ತಿ ಮಾವ, ಭಾನುವಾರ ಬರುತ್ತಾನಂತೆ.

“ನಾಟಿ ಕೋಳಿ ಸಾರು ಮಾಡ್ಬೇಕು. ಅಂಗಡಿ ಫಾರಂ ಕೋಳಿ ಅವ್ನು ಮುಟ್ಟಲ್ಲ,” ಎಂದಳು ಅಮ್ಮ.

ಅಪ್ಪ ರಂಗರಾಜು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತಾ, “ಇನ್ನೇನು, ಕೆಂಪೀನೇ ಕೊಯ್ಯೋಣ. ಮೊಟ್ಟೆ ಇಡಲ್ಲ, ಇಡೋವುಕ್ಕೂ ಬಿಡಲ್ಲ,” ಎಂದ.

ಸ್ವರ್ಣ ಚಪ್ಪಾಳೆ ತಟ್ಟಿದಳು. ಹೌದು, ತಟ್ಟಿದಳು. ಮುಚ್ಚಿಟ್ಟು ಪ್ರಯೋಜನವಿಲ್ಲ.

ಗುರುವಾರ ಬೆಳಿಗ್ಗೆ ಮನೆಯಲ್ಲಿ ಹಬ್ಬ. ಚುಕ್ಕಿಯ ಹೊಟ್ಟೆಯ ಕೆಳಗಿನಿಂದ ಚಿಯಾಂ ಚಿಯಾಂ ಎಂಬ ಸದ್ದು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಮರಿ! ಹಳದಿ ಮೂರು, ಕಂದು ನಾಲ್ಕು, ಕಪ್ಪು ಎರಡು. ಚೈತು ಎಣಿಸಿ ಎಣಿಸಿ ಪ್ರತಿ ಸಲವೂ ಬೇರೆ ಲೆಕ್ಕ ಹೇಳುತ್ತಿದ್ದಳು. ಅಜ್ಜಿ ನುಚ್ಚು ಹಾಕಿದಳು. ಚುಕ್ಕಿ ಬುಟ್ಟಿಯಿಂದ ಇಳಿದು, ಕೊಕ್ ಕೊಕ್ ಎಂದು ಕರೆಯುತ್ತಾ ಮಕ್ಕಳನ್ನು ಕಟ್ಟಿಕೊಂಡು ಹೊರಟೇ ಹೋಯಿತು. ತಿರುಗಿ ಬುಟ್ಟಿಯ ಕಡೆ ನೋಡಲಿಲ್ಲ.

ಅಜ್ಜಿ ಬುಟ್ಟಿಯೊಳಗೆ ಕೈಯಾಡಿಸಿದಳು. ಅವಳ ಹುಬ್ಬು ಮೇಲೇರಿತು.

“ಇದೇನೇ ಮಗ? ಇನ್ನೂ ಐದು ಅವೆ! ಒಂಬತ್ತೂ ಐದೂ ಹದಿನಾಲ್ಕು ಆಯ್ತದೆ. ನಾನಿಟ್ಟಿದ್ದು ಹನ್ನೊಂದಲ್ವಾ?”

ಸ್ವರ್ಣ ಸೀಬೆಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಅಜ್ಜಿ ಬೋಗುಣಿಗೆ ಉಗುರುಬೆಚ್ಚಗಿನ ನೀರು ಹಾಕಿಕೊಂಡು ಬಂದಳು. ಐದು ಮೊಟ್ಟೆಯನ್ನೂ ಮೆಲ್ಲಗೆ ನೀರಿಗೆ ಬಿಟ್ಟು, “ನಂಗೆ ಕಾಣಲ್ಲ, ನೀನು ನೋಡು. ಒಳಗೆ ಜೀವ ಇದ್ರೆ ತಾನಾಗೇ ಅಲ್ಲಾಡ್ತದೆ,” ಎಂದಳು.

ಸ್ವರ್ಣ ಬಗ್ಗಿದಳು. ನೀರು ನಿಂತಿತು. ಎರಡು ಮೊಟ್ಟೆ ಸುಮ್ಮನೆ ತೇಲಿದವು. ಮೂರನೆಯದು ಒಂದಿಷ್ಟು ಓಲಾಡಿತು. ಯಾರೂ ಮುಟ್ಟಿರಲಿಲ್ಲ, ಗಾಳಿಯೂ ಇರಲಿಲ್ಲ. ಅದರ ಪಕ್ಕದ್ದು ಕೂಡ ಪುಟಕ್ಕನೆ ಹೊರಳಿತು. ಆಮೇಲೆ ಕೊನೆಯದು.

“ಅಜ್ಜಿ! ಮೂರು! ಮೂರು ಅಲ್ಲಾಡ್ತಾ ಇವೆ!”

“ಅಯ್ಯೋ ಪಾಪ,” ಎಂದಳು ಅಜ್ಜಿ. “ಇನ್ನೂ ದಿನ ತುಂಬಿಲ್ಲ. ಆ ಬಡ್ಡಿಮಗಳು ಚುಕ್ಕಿ ಇನ್ನು ಕೂರಲ್ಲ. ಕಾವಿಲ್ದೆ ಸಾಯಂಕಾಲಕ್ಕೆ ತಣ್ಣಗಾಗಿಬುಡ್ತವೆ.”

ಸ್ವರ್ಣಳ ಕಣ್ಣಲ್ಲಿ ನೀರು ಬಂದೇ ಬಿಟ್ಟಿತು. ಒಳಗೆ ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಸ್ಕೆಚ್ ಪೆನ್ನು, ನಂಬರು ಅಳಿಸಿಹೋದದ್ದು, ಹನ್ನೆರಡು, ಹದಿಮೂರು, ಹದಿನಾಲ್ಕು, ಬೈಯುತ್ತೀಯ ಅಂತ ಸುಮ್ಮನಿದ್ದದ್ದು.

“ಅವತ್ತೇ ಹೇಳಿದ್ರೆ ತೆಗೆದು ದೋಸೆಗಾದ್ರೂ ಹಾಕ್ಬೋದಿತ್ತು. ಈಗ ಒಳಗೆ ಜೀವ ಕಟ್ಟೈತಲ್ಲೇ,” ಎಂದಳು ಅಜ್ಜಿ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಸ್ವರ್ಣಳಿಗೆ.

ಅವಳು ಮೂರು ಮೊಟ್ಟೆಯನ್ನೂ ಒರೆಸಿ ಫ್ರಾಕಿನ ಮಡಿಲಿಗೆ ಹಾಕಿಕೊಂಡು, ಮೇಲೆ ಎರಡು ಕೈ ಮುಚ್ಚಿ ಕೂತಳು. ಎಷ್ಟು ಹೊತ್ತು ಹಾಗೆ ಕೂರಲಾಗುತ್ತದೆ? ಹತ್ತೇ ನಿಮಿಷಕ್ಕೆ ಕಾಲು ಜೋಮು ಹಿಡಿಯಿತು.

ಆಗ ಚೈತು ಸೀಬೆಮರದ ಕಡೆ ಬೆರಳು ತೋರಿಸಿ, “ರೌಡಿಗೆ ಕೊಡಕ್ಕಾ. ನನ್ ಚೆಂಡು ನಂಗೆ ಕೊಡ್ಲಿ, ಮೊಟ್ಟೆ ಅವ್ಳು ಇಟ್ಕೊಳ್ಳಿ,” ಎಂದಳು.

ಸ್ವರ್ಣ ಅಜ್ಜಿಯ ಮುಖ ನೋಡಿದಳು. ಅಜ್ಜಿ ಸೀಬೆಮರದ ಕಡೆ ನೋಡಿದಳು. ಕಾಲಿಗೆ ಬಟ್ಟೆ ಕಟ್ಟಿಸಿಕೊಂಡು, ಮೂಗಲ್ಲಿ ಪುಕ್ಕ ಸಿಕ್ಕಿಸಿಕೊಂಡು, ಬರಿ ನೆಲದ ಮೇಲೇ ರೆಕ್ಕೆ ಅಗಲಿಸಿ ಕೂತಿತ್ತು ರೌಡಿ. ಚೆಂಡು ಎಲ್ಲೋ ಉರುಳಿ ಹೋಗಿತ್ತು. ಅದಕ್ಕೆ ಅದೂ ಬೇಕಿರಲಿಲ್ಲ.

“ಒಡೆದು ಹಾಕುತ್ತೆ ಅಜ್ಜಿ,” ಎಂದಳು ಸ್ವರ್ಣ.

“ಒಡೀಬೋದು. ಇಲ್ಲೇ ಇದ್ರೆ ಸಾಯ್ತವೆ. ಎರಡ್ರಾಗೆ ಯಾವ್ದು, ನೀನೇ ಹೇಳು.”

ಹಾಗೆ ಯೋಚಿಸುತ್ತಿರುವಾಗಲೇ ಅಪ್ಪ ಕೆಲಸ ಮುಗಿಸಿ ಬಂದ. ಅಪ್ಪನದು ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ. ವಿಷಯ ಕೇಳಿ ತಲೆ ಕೆರೆದುಕೊಂಡ.

“ಹೋದ್ಸಲ ಬುಟ್ಟಿ ಎಲ್ಲಿಟ್ಟಿದ್ರಿ?”

“ಹಿತ್ತಿಲ ಬಾಗಿಲ ಪಕ್ಕ,” ಎಂದಳು ಅಜ್ಜಿ.

“ಬಸ್‌ಸ್ಟ್ಯಾಂಡಲ್ಲಿ ಕೂರ್ಸಿದಂಗೆ ಆಯ್ತು ಬುಡಮ್ಮ! ನೀವು ಓಡಾಡ್ತೀರ, ಕೋಳಿ ಓಡಾಡ್ತವೆ, ಬೀದಿ ನಾಯಿ ಬರ್ತದೆ. ನಮ್ ಫಾರಂನಲ್ಲಿ ಮರಿ ಹಾಕೋ ಕುದುರೇನ ಬೇರೆ ಲಾಯಕ್ಕೆ ಬಿಡ್ತೀವಿ. ಆ ಕಡೆ ಯಾರೂ ಸುಮ್ ಸುಮ್ನೆ ಹೋಗಂಗಿಲ್ಲ. ಹೋದ್ರೆ ಒದೀತದೆ. ಎಂಥ ಸಾಧು ಕುದುರೆ ಆದ್ರೂ ಒದೀತದೆ.”

ಸೌದೆ ಮನೆಯ ಮೂಲೆ ಖಾಲಿಯಾಯಿತು. ಅಜ್ಜಿ ಬುಟ್ಟಿಗೆ ಹೊಸ ಹುಲ್ಲು ಹಾಕಿದಳು. ಬೇರೆ ಕೋಳಿಗಳಿಗೆ ಕಾಣದಂತೆ ಅಪ್ಪ ಮುಂದೆ ಗೋಣಿಚೀಲ ಇಳಿಬಿಟ್ಟ. ಅಮ್ಮ ಬಾಗಿಲಲ್ಲಿ ನಿಂತು, “ಏನಾರ ಮಾಡ್ಕೊಳ್ಳಿ. ಭಾನುವಾರಕ್ಕೆ ನಂಗೆ ಕೋಳಿ ಬೇಕು ಅಷ್ಟೇ,” ಎಂದು ಒಳಗೆ ಹೋದಳು.

ಭಾನುವಾರ! ಅಜ್ಜಿ ಆಗಲೇ ಬೆರಳು ಮಡಚುತ್ತಿದ್ದಳು. “ಇವು ಒಡೆಯಕ್ಕೆ ಮಂಗಳವಾರ ಆಗ್ಬೇಕು, ಬುಧವಾರ ಆಗ್ಬೇಕು.”

“ಅಪ್ಪಾ, ಭಾನುವಾರ ರೌಡೀನ ಕೊಯ್ದ್ರೆ?”

“ನಿಮ್ಮಮ್ಮನ್ನ ಒಪ್ಸೋದು ನನ್ ಕೈಲಾಗಲ್ಲಪ್ಪ,” ಎಂದು ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೊರಟ. “ಬರೋನು ನಿನ್ ಮಾವ. ಅವ್ನನ್ನೇ ಕೇಳ್ಕೊ.”

ಹೊತ್ತು ಮುಳುಗುತ್ತಿದ್ದಾಗ ಅಜ್ಜಿ ರೌಡಿಯನ್ನು ತಂದು ಬುಟ್ಟಿಯಲ್ಲಿ ಕೂರಿಸಿದಳು. ಕಾಲಿನ ಬಟ್ಟೆ ಬಿಚ್ಚಿದಳು. ಮೂಗಿನ ಪುಕ್ಕ ಎಳೆದು ಬಿಸಾಕಿದಳು.

“ಮೊಟ್ಟೆ ನೀನಿಡು,” ಎಂದಳು.

“ನಾನಾ? ಕುಕ್ಕುತ್ತೆ ಅಜ್ಜಿ!”

“ಕುಕ್ತದೆ. ಇಡು.”

ಸ್ವರ್ಣ ಮೊದಲನೇ ಮೊಟ್ಟೆ ಹಿಡಿದು ಕೈ ಚಾಚಿದಳು. ರೌಡಿ ಪುಕ್ಕವನ್ನೆಲ್ಲ ಉಬ್ಬಿಸಿಕೊಂಡು ಗುರ್ರ್ ಎಂದಿತು. ಟಪ್! ಮಣಿಕಟ್ಟಿಗೆ ಸರಿಯಾಗಿ ಬಿತ್ತು. ಸ್ವರ್ಣ ಹಲ್ಲು ಕಚ್ಚಿ ಮೊಟ್ಟೆಯನ್ನು ಹುಲ್ಲಿನ ಮೇಲೆ ಬಿಟ್ಟು, ಕೈ ಹಿಂದಕ್ಕೆ ಎಳೆದುಕೊಂಡಳು.

ರೌಡಿ ಕತ್ತು ಬಗ್ಗಿಸಿ ಮೊಟ್ಟೆಯನ್ನು ನೋಡಿತು. ಒಂದು ಕಣ್ಣಿಂದ ನೋಡಿತು, ತಲೆ ತಿರುಗಿಸಿ ಇನ್ನೊಂದು ಕಣ್ಣಿಂದ ನೋಡಿತು. ಈಗ ಕುಕ್ಕಿ ಒಡೆಯುತ್ತದೆ, ಆಯಿತು ಕತೆ ಎಂದುಕೊಂಡಳು ಸ್ವರ್ಣ. ಆದರೆ ರೌಡಿ ಕೊಕ್ಕನ್ನು ಮೊಟ್ಟೆಯ ಆಚೆ ಬದಿಗೆ ಇಟ್ಟು, ಮೆಲ್ಲಗೆ, ಎಷ್ಟು ಮೆಲ್ಲಗೆ ಎಂದರೆ ಹುಲ್ಲೂ ಸರಿಯಲಿಲ್ಲ, ತನ್ನ ಎದೆಯ ಕಡೆಗೆ ಎಳೆದುಕೊಂಡಿತು. ಎರಡನೆಯದನ್ನೂ ಎಳೆದುಕೊಂಡಿತು. ಮೂರನೆಯದನ್ನೂ. ಆಮೇಲೆ ಸ್ವಲ್ಪ ಎದ್ದು, ಸೊಂಟ ಆಡಿಸಿ, ಮೊಟ್ಟೆಗಳ ಮೇಲೆ ಸರಿಯಾಗಿ ಕೂತು ಕಣ್ಣು ಮುಚ್ಚಿತು.

“ಅದೇ ಕೊಕ್ಕಾ ಅಜ್ಜಿ ಇದು?” ಸ್ವರ್ಣ ಪಿಸುಗುಟ್ಟಿದಳು.

“ಅದ್ಕೆ ಇನ್ನೆಷ್ಟು ಕೊಕ್ಕು ಇದಾವು? ಬಾ, ಗೋಣಿ ಇಳಿಬಿಡು,” ಎಂದಳು ಅಜ್ಜಿ.

ಶುಕ್ರವಾರ, ಶನಿವಾರ ಸ್ವರ್ಣ ಸೌದೆ ಮನೆಯ ಕಾವಲು ಕಾದಳು. ಮೊಟ್ಟೆಯಿಡಲು ಜಾಗ ಹುಡುಕಿಕೊಂಡು ಬಂದ ಕಪ್ಪು ಕೋಳಿಯನ್ನು ಅಟ್ಟಿದಳು. ಮರಿಗಳ ದಂಡು ಕಟ್ಟಿಕೊಂಡು ಬಂದ ಚುಕ್ಕಿಯನ್ನೂ ಅಟ್ಟಿದಳು. ಚುಕ್ಕಿಯನ್ನು ಎತ್ತಿ ಆಚೆ ಬಿಡೋಣವೆಂದು ಬಗ್ಗಿದರೆ, ಎಂದೂ ಕುಕ್ಕದ ಚುಕ್ಕಿ ಹಾರಿ ಅವಳ ಮೊಣಕೈಗೆ ಕುಕ್ಕಿತು! ಸ್ವರ್ಣ ಮೊಣಕೈ ಉಜ್ಜಿಕೊಳ್ಳುತ್ತಾ ಅದನ್ನೇ ನೋಡುತ್ತಾ ನಿಂತಳು. ಚುಕ್ಕಿ ಏನೂ ಆಗದ ಹಾಗೆ ಮರಿಗಳಿಗೆ ನೆಲ ಕೆದರಿ ತೋರಿಸುತ್ತಿತ್ತು.

ದಿನಕ್ಕೊಂದು ಸಲ ರೌಡಿ ತಾನೇ ಎದ್ದು ಬಂದು, ಗಬಗಬ ರಾಗಿ ತಿಂದು, ನೀರು ಕುಡಿದು, ಯಾರ ತಂಟೆಗೂ ಹೋಗದೆ ಓಡೋಡಿ ವಾಪಸ್ಸು ಹೋಗುತ್ತಿತ್ತು. ಜಗಳವಾಡಲು ಅದಕ್ಕೆ ಟೈಮೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಖಾರ ರುಬ್ಬಲು ಕೂತಳು. ಸ್ವರ್ಣ ಗೇಟಿನ ಹತ್ತಿರ ಕಾಯುತ್ತಾ ನಿಂತಳು. ಹನ್ನೊಂದು ಗಂಟೆಗೆ ಅಂಜನಮೂರ್ತಿ ಮಾವ ತೆಂಗಿನಕಾಯಿ ಚೀಲ ಹೊತ್ತುಕೊಂಡು ಬಂದ. ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಇಲ್ಲಿಗೆ ಇನ್ನೊಂದು ಬಸ್ಸು, ಎರಡರಲ್ಲೂ ಸೀಟಿಲ್ಲ. ಮುಖವೆಲ್ಲ ಬೆವರು, ದಪ್ಪ ಮೀಸೆಯೂ ಒದ್ದೆ.

“ಏನಮ್ಮಣ್ಣಿ, ನನ್ನೇ ಕಾಯ್ತಾ ಇದೀಯಾ?”

“ಮಾವ, ನೀವು ಒಳಗೆ ಹೋಗೋಕ್ ಮುಂಚೆ ಒಂದ್ ವಿಷ್ಯ ಹೇಳ್ಬೇಕು. ನಮ್ಮನೇಲಿ ರೌಡಿ ಅಂತ ಕೋಳಿ ಇದೆ. ನಿಮ್ಗೆ ಅಂತ ಅದನ್ನೇ ಕೊಯ್ಯೋದು ಅಂದ್ರು. ನಾನೂ ಚಪ್ಪಾಳೆ ಹೊಡ್ದೆ. ಆದ್ರೆ ಅದು ಈಗ ಮೂರು ಮೊಟ್ಟೆ ಮೇಲೆ ಕೂತಿದೆ. ಒಳಗೆ ಜೀವ ಇದೆ, ನಾನೇ ನೋಡಿದೀನಿ. ಅವು ಅಲ್ಲಿರೋದು ನನ್ ತಪ್ಪಿಂದ. ನಾನು ಸುಳ್ಳು... ಅಂದ್ರೆ, ಹೇಳ್ದೆ ಸುಮ್ನಿದ್ದೆ. ಇವತ್ತು ಕೊಯ್ದ್ರೆ ನಾಲ್ಕು ಸಾಯ್ತವೆ ಮಾವ.”

ಮಾವ ಚೀಲ ಕೆಳಗಿಟ್ಟ. “ಅಂದ್ರೆ ನನ್ ಊಟಾನ ಕಾವಿಗೆ ಕೂರ್ಸಿದೀಯಾ ನೀನು?”

“ಹೂಂ.”

“ಎಲ್ಲಿ, ತೋರ್ಸು ನಡಿ.”

“ಹತ್ರ ಹೋಗ್ಬೇಡಿ ಮಾವ, ಕುಕ್ಕುತ್ತೆ.”

“ಥೂ! ಕೋಳಿಗೆ ಹೆದರ್ತಾನಾ ಈ ಅಂಜನಮೂರ್ತಿ?” ಎಂದು ಮಾವ ಸೌದೆ ಮನೆಗೆ ನುಗ್ಗಿ, ಗೋಣಿ ಎತ್ತಿ, ಒಳಗೆ ಮುಖ ಹಾಕಿದ.

“ಅಯ್ಯಪ್ಪಾ!”

ಮಾವ ಮೂಗು ಹಿಡಿದುಕೊಂಡು ಆಚೆಗೆ ಹಾರಿ ಬಂದ. ಸೌದೆ ಕಟ್ಟು ಎಡವಿದ. ಚೈತು ಬಿದ್ದು ಬಿದ್ದು ನಕ್ಕಳು. ಸ್ವರ್ಣ ಮಾತ್ರ ನಗಲಿಲ್ಲ. ಅವಳು ಗೋಣಿಯ ಸಂದಿಯಿಂದ ಮೊಟ್ಟೆ ಒಡೆದವೇ ಎಂದು ನೋಡುತ್ತಿದ್ದಳು. ಇಲ್ಲ, ರೌಡಿ ಎದ್ದೇ ಇರಲಿಲ್ಲ. ಕೂತಲ್ಲಿಂದಲೇ ಕುಕ್ಕಿತ್ತು.

“ಅಕ್ಕಾ!” ಮಾವ ಅಡುಗೆಮನೆಯ ಕಡೆ ತಿರುಗಿ ಕೂಗಿದ. “ಹುರುಳಿಕಾಳು ಬಸ್ಸಾರು ಮಾಡೇ! ಈ ಕೋಳಿ ತಿಂದ್ರೆ ಹೊಟ್ಟೆ ಒಳ್ಗೂ ಕುಕ್ತದೆ!”

ಅಮ್ಮ ಕೈಯಲ್ಲಿ ಖಾರ ಮೆತ್ತಿಕೊಂಡೇ ಬಂದಳು. ತಮ್ಮನ ಕೆಂಪು ಮೂಗು ನೋಡಿದಳು. ಸ್ವರ್ಣಳ ಮುಖ ನೋಡಿದಳು. ಬೈಯಲು ತೆರೆದ ಬಾಯಿಂದ ನಗು ಬಂದು ಬಿಟ್ಟಿತು. ಅವತ್ತು ಎಲ್ಲರೂ ಮುದ್ದೆ, ಬಸ್ಸಾರು ಉಂಡರು. ತಮ್ಮನಿಗೆ ಕೋಳಿ ಹಾಕಲಾಗಲಿಲ್ಲ ಎಂಬ ಸಂಕಟಕ್ಕೆ ಅಮ್ಮ ಅವನ ಮುದ್ದೆಗೆ ಮೂರು ಸಲ ತುಪ್ಪ ಬಡಿಸಿದಳು.

ಮಂಗಳವಾರ ಸಂಜೆ ಒಂದು ಮೊಟ್ಟೆ ಒಡೆದು ಕಂದು ಮರಿ ಬಂತು. ಬುಧವಾರ ಮಧ್ಯಾಹ್ನ ಇನ್ನೊಂದು, ಪೂರಾ ಕಪ್ಪು. ಸ್ವರ್ಣ ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ಮೂರನೆಯದಕ್ಕಾಗಿ ಗುರುವಾರ ಇಡೀ ದಿನ ಕಾದಳು. ಗಂಟೆಗೊಂದು ಸಲ ಹೋಗಿ ಕಿವಿಗೊಟ್ಟಳು. ಎರಡು ಮರಿಗಳ ಚಿಯಾಂ ಚಿಯಾಂ ಬಿಟ್ಟು ಬೇರೆ ಸದ್ದು ಕೇಳಿಸಲಿಲ್ಲ.

ರೌಡಿ ಮಾತ್ರ ಏಳಲಿಲ್ಲ. ಚುಕ್ಕಿ ಐದು ಮೊಟ್ಟೆ ಬಿಟ್ಟು ಎದ್ದು ಹೋಗಿತ್ತು. ರೌಡಿ ಒಂದೇ ಒಂದನ್ನು ಬಿಟ್ಟು ಏಳಲು ಒಪ್ಪಲಿಲ್ಲ. ಮರಿಗಳು ರೆಕ್ಕೆಯ ಸಂದಿಯಿಂದ ತಲೆ ಹಾಕಿ ಆಚೆ ನೋಡುತ್ತಿದ್ದವು. ರೌಡಿ ಅವನ್ನು ಮತ್ತೆ ಒಳಗೆ ಸೇರಿಸಿಕೊಂಡು ಕೂರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅಜ್ಜಿ ಬೋಗುಣಿಯಲ್ಲಿ ನೀರು ತರಲಿಲ್ಲ. ಸ್ವರ್ಣಳನ್ನು ಪಕ್ಕಕ್ಕೆ ಕರೆದು, “ಅದು ಹೋಗೈತೆ ಕಣವ್ವ. ಅವತ್ತು ಆಚೆ ಇದ್ದಾಗ್ಲೇ ತಣ್ಣಗಾಗಿತ್ತೇನೋ,” ಎಂದಳು. “ಅದನ್ನ ತೆಗೀಬೇಕು. ಇಲ್ದಿದ್ರೆ ಇವ್ಳು ಏಳಲ್ಲ. ಆ ಎರಡು ಮರಿ ಹಸ್ಕೊಂಡು ಸಾಯ್ತವೆ. ನಾನ್ ತೆಗೀಲಾ?”

ಸ್ವರ್ಣ ತಲೆಯಾಡಿಸಿದಳು. “ಬೇಡ ಅಜ್ಜಿ. ನಾನೇ ಇಟ್ಟಿದ್ದು.”

ಅವಳು ಗೋಣಿ ಸರಿಸಿ, ಮಂಡಿಯೂರಿ ಕೂತಳು. ರೌಡಿ ಅವಳನ್ನೇ ನೋಡಿತು. ಒಂಬತ್ತು ದಿನ ಚೆಂಡಿನ ಮೇಲೆ, ಎಂಟು ದಿನ ಮೊಟ್ಟೆಯ ಮೇಲೆ ಕೂತು ಕೂತು ಅದರ ಎದೆಯ ಪುಕ್ಕವೆಲ್ಲ ಉದುರಿ, ಮೈ ಸಣ್ಣಗಾಗಿತ್ತು. ಜುಟ್ಟು ಬಿಳಿಚಿಕೊಂಡಿತ್ತು. ಇಷ್ಟು ದಿನ ಅದು ಸ್ವರ್ಣಳಿಗೆ ಕಂಡೇ ಇರಲಿಲ್ಲ.

ಸ್ವರ್ಣ ಹೊಟ್ಟೆಯ ಕೆಳಗೆ ಕೈ ಹಾಕಿದಳು. ಟಪ್ ಎಂದು ಬಿತ್ತು. ಮತ್ತೆ ಟಪ್. ಮೂರನೇ ಸಲ ಅದೇ ಜಾಗಕ್ಕೆ ಬಿದ್ದಾಗ ರಕ್ತ ಬಂತು. ಅವಳು ಕೈ ಎಳೆದುಕೊಳ್ಳಲಿಲ್ಲ. ಬೆರಳಿಗೆ ಮರಿಗಳ ಮೆತ್ತನೆಯ ಮೈ ತಾಗಿತು. ಅವುಗಳ ಪಕ್ಕದಲ್ಲಿ ಮೊಟ್ಟೆ ಸಿಕ್ಕಿತು. ಅದನ್ನು ಮೆಲ್ಲಗೆ, ಹುಲ್ಲೂ ಸರಿಯದಷ್ಟು ಮೆಲ್ಲಗೆ ಆಚೆ ತೆಗೆದಳು. ಮೊಟ್ಟೆ ಇನ್ನೂ ಬೆಚ್ಚಗಿತ್ತು. ರೌಡಿ ಬೆಚ್ಚಗೆ ಇಟ್ಟಿತ್ತು. ಸ್ವರ್ಣಳಿಗೆ ದುಃಖ ಉಕ್ಕಿ ಬಂತು.

ಸ್ವಲ್ಪ ಹೊತ್ತು ರೌಡಿ ಬುಟ್ಟಿಯ ಹುಲ್ಲಿನಲ್ಲೆಲ್ಲ ಕೊಕ್ಕಾಡಿಸಿ ಹುಡುಕಿತು. ಆಮೇಲೆ ಮರಿಗಳು ಕೂಗಿದವು. ಅದು ಕೊಕ್ ಕೊಕ್ ಎನ್ನುತ್ತಾ ಎದ್ದು, ಬುಟ್ಟಿಯಿಂದ ಇಳಿದು, ಎರಡನ್ನೂ ಕರೆದುಕೊಂಡು ಅಂಗಳದ ಬಿಸಿಲಿಗೆ ನಡೆಯಿತು. ಹುಂಜ ದಾರಿ ಬಿಟ್ಟಿತು.

ಚೈತು ಓಡಿ ಬಂದಳು. ಅಕ್ಕನ ಕಣ್ಣು ನೋಡಿದಳು, ಕೈ ನೋಡಿದಳು.

“ಅಯ್ಯೋ, ರಕ್ತ! ಮತ್ತೆ ಕುಕ್ಕಿದ್ಳಾ?”

“ಹೂಂ.”

“ರೌಡಿ!” ಎಂದು ಚೈತು ಕಲ್ಲೆತ್ತಿಕೊಳ್ಳಲು ಬಗ್ಗಿದಳು.

ಸ್ವರ್ಣ ಅವಳ ಕೈ ಹಿಡಿದಳು. “ಹಂಗನ್ಬೇಡ ಕಣೇ,” ಎಂದಳು. “ಅವ್ಳ ಮೊಟ್ಟೆ ನನ್ ಹತ್ರ ಇದೆ.”